ಮಗುವಿನ ಮುಂದೆ, ಮೇಷ್ಟ್ರ ಪಕ್ಕ, ಊರಿನ ಜೊತೆ: ಶಿಕ್ಷಣದ ಕೆಲಸದಲ್ಲಿ ನಿಮ್ಮ ಜಾಗ ಯಾವುದು?

ಬೇಸಿಗೆಯಲ್ಲಿ ಅಕ್ಕನ ಮಗಳು ಎರಡು ಕಾಗದ ಹಿಡಿದುಕೊಂಡು ಚಳ್ಳಕೆರೆಯಿಂದ ನಮ್ಮ ಮನೆಗೆ ಬಂದಳು. ಒಂದು, ಎರಡು ವರ್ಷದ ಫೆಲೋಶಿಪ್‌ಗೆ ಆಯ್ಕೆಯಾಗಿದ್ದೀರಿ ಅನ್ನುವ ಪತ್ರ. ಇನ್ನೊಂದು, ಶಿಕ್ಷಕರ ನೇಮಕಾತಿಗೆ ತಯಾರಿ ಮಾಡಿಸುವ ಕೋಚಿಂಗ್ ಸೆಂಟರಿನ ಅರ್ಜಿ. ಬಿ.ಎಸ್ಸಿ, ಬಿ.ಎಡ್ ಎರಡೂ ಮುಗಿಸಿದ್ದಾಳೆ. ಹಳ್ಳಿ ಮಕ್ಕಳ ಓದಿಗಾಗಿ ಏನಾದರೂ ಮಾಡಬೇಕು ಅನ್ನುವ ಆಸೆ ಅವಳಿಗೆ ಹೈಸ್ಕೂಲಿನಿಂದಲೂ ಇದೆ. "ಚಿಕ್ಕಮ್ಮ, ಎರಡರಲ್ಲಿ ಯಾವುದು ಅಂತ ನೀವೇ ಹೇಳಿಬಿಡಿ" ಅಂದಳು.

ನಾನು ಹನ್ನೊಂದು ವರ್ಷ ರಾಯಚೂರು, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳನ್ನು ಸುತ್ತಿದವಳು. ಅವಳಂಥ ಎಷ್ಟೋ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬಂದದ್ದನ್ನೂ, ಎರಡೇ ವರ್ಷಕ್ಕೆ ಬೇಸತ್ತು ಬಿಟ್ಟು ಹೋದದ್ದನ್ನೂ ನೋಡಿದ್ದೇನೆ. ಬಿಟ್ಟು ಹೋದವರಲ್ಲಿ ಕೆಟ್ಟವರಾಗಲೀ ಸೋಮಾರಿಗಳಾಗಲೀ ಇರಲಿಲ್ಲ. ಹೆಚ್ಚಿನವರು ತಮಗೆ ಒಗ್ಗದ ಜಾಗದಲ್ಲಿ ಕೂತಿದ್ದರು, ಅಷ್ಟೇ. ಆವತ್ತು ರಾತ್ರಿ ಊಟ ಆದ ಮೇಲೆ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಸಂಸ್ಥೆ, ಎಷ್ಟು ಸಂಬಳ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ದಿನಾ ಬೆಳಗ್ಗೆ ನೀವು ಯಾರ ಮುಂದೆ ಕೂರಬೇಕು? ಮಗುವಿನ ಮುಂದೆಯಾ, ಮೇಷ್ಟ್ರ ಪಕ್ಕದಲ್ಲಾ, ಅಪ್ಪ ಅಮ್ಮಂದಿರ ಮತ್ತು ಪಂಚಾಯಿತಿಯ ಜೊತೆಯಾ, ಇಲ್ಲಾ ಕಡತ, ಅಂಕಿಅಂಶಗಳ ಮುಂದೆಯಾ? ಗುರಿ ಒಂದೇ ಇದ್ದರೂ ಈ ನಾಲ್ಕೂ ಬೇರೆ ಬೇರೆ ಬದುಕು. ಒಂದರಲ್ಲಿ ಖುಷಿಯಾಗಿರುವವರು ಇನ್ನೊಂದರಲ್ಲಿ ಒಣಗಿ ಹೋಗುತ್ತಾರೆ.

ಎಷ್ಟು ದೊಡ್ಡ ಕೆಲಸ ಇದು ಅನ್ನುವುದಕ್ಕೆ ಎರಡು ಅಂಕಿ ಸಾಕು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು ಶೇ 51.83. ರಾಜ್ಯ ಒಂದೇ, ಇಲಾಖೆ ಒಂದೇ, ಪಠ್ಯಪುಸ್ತಕವೂ ಒಂದೇ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದವು. ನೀವು ಯಾವ ದಾರಿ ಹಿಡಿದರೂ ಕೊನೆಗೆ ಕೆಲಸ ಮಾಡುವುದು ಈ ಅಂತರದ ಮೇಲೆಯೇ.

ಮಗುವಿನ ಮುಂದೆ

ಇದರಲ್ಲಿ ಮೊದಲನೆಯದು ಸರ್ಕಾರಿ ಶಾಲೆಯ ಶಿಕ್ಷಕ ವೃತ್ತಿ. ಇದನ್ನು "ಸೇಫ್ ಜಾಬ್" ಅಂತ ಮಾತ್ರ ನೋಡುವವರೇ ಜಾಸ್ತಿ. ನಾನು ಕಂಡ ಹಾಗೆ, ಮಕ್ಕಳ ನಡುವಿನ ಅಂತರ ಕಡಿಮೆ ಮಾಡುವ ಶಕ್ತಿ ಎಲ್ಲರಿಗಿಂತ ಜಾಸ್ತಿ ಇರುವುದು ಒಂದೇ ಶಾಲೆಯಲ್ಲಿ ಎಂಟು ಹತ್ತು ವರ್ಷ ನಿಲ್ಲುವ ಟೀಚರ್‌ಗೆ.

ಒಂದು ನಲಿ ಕಲಿ ತರಗತಿಗೆ ಹೋಗಿ ಅರ್ಧ ದಿನ ಸುಮ್ನೆ ಕೂತು ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ತಲೆಯ ಮೇಲೆ ದಾರದಲ್ಲಿ ಕಟ್ಟಿದ ಕಲಿಕಾ ಚಪ್ಪರ. ಅದರಿಂದ ಮಕ್ಕಳು ಮಾಡಿದ ಚಿತ್ರ, ಕಾಗದದ ಹೂವು ಇಳಿಬಿದ್ದಿರುತ್ತವೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಇದ್ದರೂ ಐದು 'ತಟ್ಟೆ'ಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಹಂಚಿ ಕೂತಿರುತ್ತಾರೆ. ಟೀಚರ್ ಪೂರ್ತಿ ಸಹಾಯ ಮಾಡಬೇಕಾದ ಮಗು ಒಂದು ಕಡೆ, ಗೆಳೆಯರ ಸಹಾಯದಿಂದ ಕಲಿಯುವ ಮಗು ಇನ್ನೊಂದು ಕಡೆ, ತಾನೇ ಕಲಿಯುವ ಮಗು ಮತ್ತೊಂದು ಕಡೆ. ಪ್ರತಿ ಮಗುವೂ, ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಅಂತ ನೋಡಿ, ಅದರ ಕಾರ್ಡ್ ತಾನೇ ತೆಗೆದುಕೊಂಡು ಬರುತ್ತದೆ. ಹದಿನೈದು ದಿನ ಜ್ವರ ಬಂದು ಮಲಗಿದ ಮಗು ವಾಪಸ್ ಬಂದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು ಮಾಡಬಹುದು. ಗುಳೆ ಹೋಗಿ ಬರುವ ಮನೆಯ ಮಕ್ಕಳಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಯೋಚನೆ ಮಾಡಿ. ಆದರೆ ಈ ಪದ್ಧತಿ ನಿಂತಿರುವುದು ಟೀಚರ್ ಮೇಲೆ. ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ ಅಂತ ತಲೆಯಲ್ಲಿ ಇಟ್ಟುಕೊಂಡ ಟೀಚರ್ ಇದ್ದರೆ ಅದು ನಡೆಯುತ್ತದೆ. ಇಲ್ಲದಿದ್ದರೆ ಕಾರ್ಡುಗಳು ಬೀರುವಿನಲ್ಲಿ ಧೂಳು ಹಿಡಿಯುತ್ತವೆ.

ಈ ದಾರಿಯ ಕಷ್ಟ ಅದರ ಬಾಗಿಲಲ್ಲೇ ಇದೆ. ಒಂದರಿಂದ ಐದನೇ ತರಗತಿಗೆ ಡಿ.ಎಲ್.ಎಡ್, ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಬೇಕು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಈ ತರಗತಿಗಳಿಗೆ ಬಿ.ಎಡ್ ನಡೆಯುವುದಿಲ್ಲ. ಚಿಕ್ಕ ಮಕ್ಕಳ ಜೊತೆಗೇ ಇರಬೇಕು ಅನ್ನುವವರು ಕಾಲೇಜು ಸೇರುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಪದವಿ, ಬಿ.ಎಡ್ ಆದವರಿಗೆ ಆರರಿಂದ ಎಂಟರ ತನಕ ಕಲಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಇದೆ. ಎರಡಕ್ಕೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಸಾಮಾನ್ಯ ವರ್ಗದವರಿಗೆ 150ಕ್ಕೆ 90 ಅಂಕ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಈಗ ಜೀವನಪೂರ್ತಿ ನಡೆಯುತ್ತದೆ. ಟಿಇಟಿ ಆದ ಮೇಲೆ ನೇಮಕಾತಿ ಪರೀಕ್ಷೆ ಬೇರೆ ಇದೆ, ಅದು ಪ್ರತಿ ವರ್ಷ ಬರುವುದಿಲ್ಲ. 2022ರ ಮೇ ತಿಂಗಳಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತು. ಆಯ್ಕೆ ಪಟ್ಟಿ ಕೋರ್ಟ್ ಮೆಟ್ಟಿಲೇರಿತು. ಆದೇಶ ಕೈಗೆ ಸಿಗುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371ಜೆ ವಿಧಿಯ ಅಡಿಯ ಸ್ಥಳೀಯ ಮೀಸಲಾತಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೇ ವಾರದಲ್ಲಿ ತಹಶೀಲ್ದಾರ್ ಕಚೇರಿಗೆ ಓಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಕಾಯುವಾಗ ಅತಿಥಿ ಶಿಕ್ಷಕಿಯಾಗಿ ಸೇರಬಹುದು. ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು, ಅದೂ ಪ್ರತಿ ತಿಂಗಳು ಸರಿಯಾಗಿ ಕೈಗೆ ಬರುತ್ತದೆ ಅಂತಲ್ಲ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಒಂದು ವರ್ಷ ಮಾಡಿ, ಬೇಕಾದರೆ ಎರಡು ವರ್ಷ. ಈ ಕೆಲಸ ನನಗೆ ಒಗ್ಗುತ್ತದಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಎಂಟು ಹತ್ತು ವರ್ಷ ಅದರಲ್ಲೇ ಕಾಯುತ್ತಾ ಕೂತವರ ಮನೆಗಳನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಅಷ್ಟು ವರ್ಷ ದುಡಿಸಿಕೊಂಡು ಕೆಲಸ ಖಾಯಂ ಮಾಡದಿರುವುದು ನ್ಯಾಯವಲ್ಲ. ನೀವಾಗಿಯೇ ಒಂದು ಗಡುವು ಹಾಕಿಕೊಳ್ಳಿ.

ಸೇರಿದ ಮೇಲೆ ಪಾಠ ಒಂದೇ ಇರುವುದಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ಚುನಾವಣೆ ಡ್ಯೂಟಿ ಎಲ್ಲಾ ಮಾಡಬೇಕು. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಮತ್ತೆ "ರ, ಗ, ಸ, ದ, ಅ"ದಿಂದ ಶುರು ಮಾಡುವಾಗಲೂ ಬೇಜಾರಾಗದೆ ಇರುವವರಿಗೆ ಇದು ಹೇಳಿ ಮಾಡಿಸಿದ ಜಾಗ.

ನಗರದಲ್ಲಿ ಎರಡು ವರ್ಷ ಮಾತ್ರ ಮಕ್ಕಳ ಮುಂದೆ ನಿಂತು ನೋಡಬೇಕು ಅನ್ನುವವರಿಗೆ 2009ರಲ್ಲಿ ಶುರುವಾದ ಟೀಚ್ ಫಾರ್ ಇಂಡಿಯಾ ಫೆಲೋಶಿಪ್ ಇದೆ. ಬೆಂಗಳೂರಿನಲ್ಲೂ ನಡೆಯುತ್ತದೆ. ಕಲಿಯುವುದು ಬಹಳ ಸಿಗುತ್ತದೆ. ಮಕ್ಕಳಿಗೆ ಎರಡೇ ವರ್ಷಕ್ಕೆ ಅಕ್ಕ, ಅಣ್ಣ ಹೊರಟು ಹೋಗುತ್ತಾರೆ ಅನ್ನುವುದೂ ನಿಜ.

ಮೇಷ್ಟ್ರ ಪಕ್ಕ

ನಾನು ಇದ್ದದ್ದು ಇಲ್ಲಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ಜಿಲ್ಲಾ ಸಂಸ್ಥೆಗಳನ್ನೇ ಇಟ್ಟುಕೊಂಡಿದೆ. ಅಲ್ಲಿ ಸೇರಿದವರು ಶಿಕ್ಷಕರ ಜೊತೆ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಶಿಕ್ಷಕರ ಕಲಿಕಾ ಕೇಂದ್ರಗಳಲ್ಲಿ ಸಂಜೆ ಹೊತ್ತು, ರಜಾ ದಿನ ಮೇಷ್ಟ್ರುಗಳು ತಾವಾಗಿಯೇ ಬಂದು ಕೂತು ಗಣಿತ, ಭಾಷೆ ಚರ್ಚೆ ಮಾಡುವುದನ್ನು ನೋಡುವುದೇ ಒಂದು ಸಂತೋಷ. ಅಕ್ಷರ ಫೌಂಡೇಶನ್ 'ಗಣಿತ ಕಲಿಕಾ ಆಂದೋಲನ'ದ ಹೆಸರಿನಲ್ಲಿ ಶಾಲೆಗಳಿಗೆ ಗಣಿತದ ಕಿಟ್ ತಂದಿತು, ಅದನ್ನು ಹೇಗೆ ಬಳಸಬೇಕು ಅಂತ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಪ್ರಥಮ್ ಸಂಸ್ಥೆ, ಗಾಂಧಿ ಫೆಲೋಶಿಪ್ ಇನ್ನೂ ಇವೆ. ಹೆಸರುಗಳು ಬೇರೆಯಾದರೂ ದಿನಚರಿ ಹತ್ತಿರ ಹತ್ತಿರ ಒಂದೇ.

ಬೆಳಗ್ಗೆ ಎಂಟರ ಬಸ್ಸು ಹಿಡಿಯಬೇಕು. ಹತ್ತಕ್ಕೆ ಶಾಲೆ. ತರಗತಿಯ ಹಿಂದೆ ಕೂತು ನೋಡಬೇಕು, ಮಾತಾಡಬಾರದು. ಮಧ್ಯಾಹ್ನ ಮೇಷ್ಟ್ರ ಜೊತೆ ಮಾತು. ಸಂಜೆ ಬಂದು ವರದಿ ಬರೆಯಬೇಕು. ಮೊದಲ ಆರು ತಿಂಗಳು ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಇನ್ಸ್‌ಪೆಕ್ಷನ್ನಿಗೆ ಬಂದೀರೇನ್ರೀ ಮೇಡಮ್ಮಾರೇ?"

ಸೇರಿದ ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಇಪ್ಪತ್ತು ವರ್ಷ ಸರ್ವೀಸ್ ಆದ ಒಬ್ಬ ಟೀಚರ್‌ಗೆ, ಸ್ಥಾನಬೆಲೆಯನ್ನು ಕಡ್ಡಿ ಕಟ್ಟು ಇಟ್ಟುಕೊಂಡು ಹೇಗೆ ಕಲಿಸಬೇಕು ಅಂತ ಅವರ ಮಕ್ಕಳ ಎದುರೇ ಹೇಳಲು ಹೋದೆ. ಅವರು ಒಂದು ಮಾತೂ ಆಡದೆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು ಹೋಗಿ ಕಿಟಕಿ ಹತ್ತಿರ ನಿಂತರು. ನಲವತ್ತೆರಡು ಮಕ್ಕಳು, ಎರಡು ತರಗತಿ ಒಂದೇ ಕೋಣೆಯಲ್ಲಿ. ಐದು ನಿಮಿಷದಲ್ಲಿ ಹಿಂದಿನ ಸಾಲು ನನ್ನ ಕೈ ಬಿಟ್ಟು ಹೋಯಿತು. ಆ ಟೀಚರ್ ಆ ಮೇಲೆ ನನ್ನ ಜೊತೆ ಮಾತಾಡಲು ಆರು ತಿಂಗಳು ಹಿಡಿಯಿತು. ಮೇಷ್ಟ್ರ ಪಕ್ಕ ಕೂರುವ ಕೆಲಸದಲ್ಲಿ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಮಗು ಓದಿದರೆ ಹೆಸರು ಟೀಚರ್‌ದು, ಆಗಬೇಕಾದ್ದೂ ಹಾಗೇ. ಅದನ್ನು ಸಂತೋಷದಿಂದ ಒಪ್ಪಿಕೊಳ್ಳುವವರು ಮಾತ್ರ ಇಲ್ಲಿ ನಿಲ್ಲುತ್ತಾರೆ.

ಅಂದಹಾಗೆ, ಇದೇ ಜಾಗಕ್ಕೆ ಸರ್ಕಾರಿ ದಾರಿಯೂ ಇದೆ. ಕೆಲವು ವರ್ಷ ಪಾಠ ಮಾಡಿದ ಶಿಕ್ಷಕರು ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು) ಆಗುತ್ತಾರೆ. ಅಲ್ಲಿಂದ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಹೋಗುವ ದಾರಿಯೂ ಇದೆ. ಪಾಠ ಮಾಡಿ ಬಂದವರ ಮಾತಿಗೆ ಶಾಲೆಗಳಲ್ಲಿ ತೂಕವೇ ಬೇರೆ.

ಹಣದ ವಿಷಯ ಮುಚ್ಚಿಡಬಾರದು. ಈ ಸಂಸ್ಥೆಗಳಲ್ಲಿ ಹಲವು ನಡೆಯುವುದು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಿಂದ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟು ಇಂಥ ಕೆಲಸಕ್ಕೆ ಕೊಡಬೇಕು. ಅದು ಬಹಳ ಸಲ ಒಂದು, ಮೂರು ವರ್ಷದ ಪ್ರಾಜೆಕ್ಟ್ ಆಗಿ ಬರುತ್ತದೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ವಿದೇಶದ ದೇಣಿಗೆ ನಂಬಿದ ಸಂಸ್ಥೆಗಳಿಗೆ 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿ ಆಡಳಿತದ ಖರ್ಚಿನ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ಆ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನೂ ನಿಲ್ಲಿಸಿತು. ಚಿಕ್ಕ ಸಂಸ್ಥೆಗಳಿಗೆ ಇದು ದೊಡ್ಡ ಪೆಟ್ಟು. ಸರ್ಕಾರದ ಯೋಜನೆಯಾದರೂ ಗ್ಯಾರಂಟಿ ಇಲ್ಲ. 1989ರಲ್ಲಿ ಶುರುವಾಗಿ ನಮ್ಮ ಉತ್ತರದ ಜಿಲ್ಲೆಗಳ ಎಷ್ಟೋ ಹೆಣ್ಣುಮಕ್ಕಳನ್ನು ಸಂಘ ಕಟ್ಟಿ ಮಾತಾಡುವ ಹಾಗೆ ಮಾಡಿದ ಮಹಿಳಾ ಸಮಖ್ಯಾ, ಕೇಂದ್ರದ ಹಣ ನಿಂತಾಗ ನಿಂತೇ ಹೋಯಿತು.

ಆದ್ದರಿಂದ ಇಂಟರ್‌ವ್ಯೂನಲ್ಲಿ ಸಂಕೋಚ ಬಿಟ್ಟು ಕೇಳಿ. ನನ್ನ ಒಪ್ಪಂದ ಎಷ್ಟು ವರ್ಷದ್ದು? ಹಣ ಎಲ್ಲಿಂದ ಬರುತ್ತದೆ, ಯಾವತ್ತಿನವರೆಗೆ? ಪಿಎಫ್ ಇದೆಯಾ? ಓಡಾಟದ ಖರ್ಚು ಯಾರದು? ಮೂರು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಸಂಸ್ಥೆಯ ಒಳಗಿನ ಸುದ್ದಿ ಎಲ್ಲಾ ಇರುತ್ತದೆ.

ಊರಿನ ಜೊತೆ

ಹೆಚ್ಚು ಜನ ನೋಡದ, ನನಗೆ ತುಂಬಾ ಬೇಕು ಅನಿಸುವ ದಾರಿ ಇದು. ಶಾಲೆ ಬೇರೆ, ಊರಿನ ರಾಜಕೀಯ ಬೇರೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ವರ್ಷಗಳು ಕಳೆದ ಹಾಗೆ ಗೊತ್ತಾಯಿತು: ಅಪ್ಪ ಅಮ್ಮ ಬಂದು ಕೇಳುವ ಊರಿನಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಖಾಲಿ ಹುದ್ದೆಗೆ ಟೀಚರ್ ಬರುತ್ತಾರೆ, ಗುಳೆ ಹೋದ ಮನೆಯ ಮಗು ವಾಪಸ್ ಬರುತ್ತದೆ. ಕೇಳದ ಊರಿನಲ್ಲಿ ನಾವು ಎಷ್ಟು ತರಬೇತಿ ಕೊಟ್ಟರೂ ನಾವು ಹೊರಟ ಮಾರನೇ ವರ್ಷ ಎಲ್ಲಾ ಮೊದಲಿನ ಹಾಗೇ.

ಕೇಳುವುದಕ್ಕೆ ಬೇಕಾದ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಬೇಗ ಬಂತು. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಶಿಕ್ಷಣ ಹಕ್ಕು ಕಾಯ್ದೆ ದೇಶಕ್ಕೇ ಬಂದದ್ದು 2009ರಲ್ಲಿ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು.

ಕಾಗದದ ಮೇಲೆ ಹೀಗೆ. ರಾಯಚೂರು ಜಿಲ್ಲೆಯ ಒಂದು ಊರಿನ ಸಭೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತಿ ಬಿಡಿಸುವ ಕಾಲ. ಸಭೆ ಬೆಳಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಕೂಲಿಗೆ ಹೋಗುವವರು ಹೇಗೆ ಬರಬೇಕು? ಬಂದವರು ನಾಲ್ಕು ಜನ. ನಡಾವಳಿ ಪುಸ್ತಕದಲ್ಲಿ ಎಲ್ಲಾ ಮೊದಲೇ ಬರೆದು ಇಟ್ಟಿತ್ತು, ಸಹಿ ಬೀಳುವುದೊಂದು ಬಾಕಿ. ಇಂಕ್ ಪ್ಯಾಡ್ ಮುಂದಿಟ್ಟಾಗ ಒಬ್ಬ ತಾಯಿ ಹೆಬ್ಬೆರಳು ಎತ್ತಿ, ಒತ್ತದೆ ಹಾಗೇ ಹಿಡಿದುಕೊಂಡು ಕೇಳಿದಳು: "ಇದರಾಗ ಏನ್ ಬರದೀರಿ, ಓದಿ ಹೇಳ್ರಿ ಸರ." ಕೋಣೆ ನಿಶ್ಶಬ್ದ. ಹೆಡ್ ಮೇಷ್ಟ್ರು ಓದಿದರು. ಶಾಲಾ ಅನುದಾನ 25,000 ರೂಪಾಯಿ ಬಂದಿದೆ, ಇಂತಿಂಥದ್ದಕ್ಕೆ ಖರ್ಚಾಗಿದೆ. ಆಕೆ ಎರಡನೇ ಪ್ರಶ್ನೆ ಕೇಳಿದಳು: "ಮತ್ತ ಹುಡುಗ್ಯಾರ ಪಾಯಖಾನಿಗಿ ನೀರ್ ಯಾಕ ಬರಂಗಿಲ್ಲ?" ಆವತ್ತು ಆಕೆ ಹೆಬ್ಬೆಟ್ಟು ಒತ್ತಲಿಲ್ಲ. ಮುಂದಿನ ಸಭೆ ಸಂಜೆ ಏಳಕ್ಕೆ ಆಯಿತು. ಮೂವತ್ತಕ್ಕೂ ಜಾಸ್ತಿ ಜನ ಬಂದಿದ್ದರು. ನೀರಿನ ಪೈಪು ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು, ಆದರೆ ಬಂತು.

ಆ ತಾಯಿಗೆ ಪ್ರಶ್ನೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅನುದಾನ ಅಂತ ಒಂದು ಇರುತ್ತದೆ, ಅದರ ಲೆಕ್ಕ ಕೇಳುವ ಹಕ್ಕು ನಿಮ್ಮದು ಅಂತ ಎರಡು ವರ್ಷ ಮನೆ ಮನೆಗೆ ಹೋಗಿ ಹೇಳಿದ ಒಬ್ಬ ಸ್ಥಳೀಯ ಹುಡುಗಿ ಇದ್ದಳು. ಈ ದಾರಿಯ ಕೆಲಸ ಅಂದರೆ ಅದು. ನಿಧಾನದ ಕೆಲಸ. ವರದಿಯಲ್ಲಿ ತೋರಿಸಲು ಫೋಟೋ ಸಿಗುವುದಿಲ್ಲ.

ಮಕ್ಕಳೇ ಕೇಳುವ ಜಾಗವೂ ಇದೆ. ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ 1990ರ ದಶಕದಲ್ಲಿ ಕುಂದಾಪುರ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿತು. ಆಮೇಲೆ ಮಕ್ಕಳ ಗ್ರಾಮಸಭೆ ಸರ್ಕಾರದ ಆದೇಶವೇ ಆಗಿ ಎಲ್ಲ ಪಂಚಾಯಿತಿಗಳಿಗೂ ಬಂತು. ಒಂದು ಸಭೆಯಲ್ಲಿ ಏಳನೇ ತರಗತಿಯ ಹುಡುಗಿ ಮೈಕ್ ಹಿಡಿದು "ಹೋದ ವರ್ಷಾನೂ ಇದನ್ನೇ ಕೇಳಿದ್ವಿ, ಅದರ ಉತ್ತರ ಮೊದಲು ಹೇಳಿ" ಅಂದಾಗ ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಹುಡುಗಿಗೆ ಮುಂದಿನ ವರ್ಷ ಉತ್ತರ ಸಿಗುವ ಹಾಗೆ ಮಾಡುವವರು ಬೇಕಲ್ವಾ?

ಈ ಜಾಗಕ್ಕೆ ಹೋಗುವ ಬಾಗಿಲುಗಳು ಹಲವು. ಪದವಿ ಆದವರು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪರೀಕ್ಷೆ ಬರೆಯಬಹುದು. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಶಾಲೆಯ ಕಾಂಪೌಂಡು, ಶೌಚಾಲಯ, ಕುಡಿಯುವ ನೀರು, ಅಂಗನವಾಡಿ ದುರಸ್ತಿ, ಎಲ್ಲದರಲ್ಲೂ ಪಿಡಿಒ ಸಹಿ ಇರುತ್ತದೆ. ಮನಸ್ಸಿರುವ ಒಬ್ಬ ಪಿಡಿಒ ಒಂದು ವರ್ಷದಲ್ಲಿ ಮಾಡಿದ್ದನ್ನು ನಾವು ಐದು ವರ್ಷ ಅಲೆದರೂ ಮಾಡಲಾಗಲಿಲ್ಲ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಒತ್ತಡವೂ ಅಷ್ಟೇ ಇದೆ. ಸದಸ್ಯರು, ಗುತ್ತಿಗೆದಾರರು, ಮೇಲಿನ ಅಧಿಕಾರಿಗಳು ಎಲ್ಲರ ನಡುವೆ ನಿಲ್ಲಬೇಕು. ಎಲ್ಲರಿಗೂ ಒಳ್ಳೆಯವರಾಗಿ ಇರಬೇಕು ಅನ್ನುವ ಸ್ವಭಾವದವರಿಗೆ ಇದು ಬೇಡ.

ಇನ್ನೊಂದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅರಿವು ಕೇಂದ್ರ ಅನ್ನುತ್ತಾರೆ. ಕೋವಿಡ್ ಕಾಲದಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಶಾಲೆ ಮುಚ್ಚಿದ್ದಾಗ ಎಷ್ಟೋ ಊರಲ್ಲಿ ಮಕ್ಕಳಿಗೆ ಪುಸ್ತಕ ಸಿಕ್ಕಿದ್ದು ಇಲ್ಲಿ. ಮೇಲ್ವಿಚಾರಕರ ಸಂಬಳ ದೊಡ್ಡದಲ್ಲ. ಆದರೆ ಊರು ಬಿಡದೆ, ಮನೆ ಬಿಡದೆ ಕೆಲಸ ಮಾಡಬೇಕಾದ ಹೆಣ್ಣುಮಕ್ಕಳಿಗೆ ಇದರಷ್ಟು ಒಳ್ಳೆಯ ಜಾಗ ಕಡಿಮೆ.

ಚುನಾವಣೆಗೆ ನಿಲ್ಲುವುದನ್ನೂ ನಾನು ಈ ಪಟ್ಟಿಯಲ್ಲಿ ಸೇರಿಸುತ್ತೇನೆ. 21 ವರ್ಷ ಆಗಿದ್ದರೆ ಸಾಕು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ. ಗೌರವಧನದಲ್ಲಿ ಮನೆ ನಡೆಯುವುದಿಲ್ಲ, ಜೊತೆಗೆ ಬೇರೆ ದುಡಿಮೆ ಬೇಕು. ಆದರೆ ಓದಿದ ಹುಡುಗಿಯೊಬ್ಬಳು ಸದಸ್ಯೆಯಾಗಿ ಕೂತರೆ ಸಭೆಯ ಮಾತೇ ಬದಲಾಗುತ್ತದೆ.

ಬೆಂಗಳೂರಿನಲ್ಲಿದ್ದರೆ

ನಗರದಲ್ಲಿ ಈ ಕೆಲಸದ ರೂಪ ಬೇರೆ. 2001ರಲ್ಲಿ ಶುರುವಾದ ಜನಾಗ್ರಹ ಸಂಸ್ಥೆ, ಶಾಲಾ ಮಕ್ಕಳಿಗೆ ನಾಗರಿಕ ಶಿಕ್ಷಣ ಕೊಡುವ ಬಾಲ ಜನಾಗ್ರಹ ನಡೆಸಿತು. ಬಿ.ಪ್ಯಾಕ್ ಅನ್ನುವ ನಾಗರಿಕ ಸಂಸ್ಥೆ ವಾರ್ಡ್ ಮಟ್ಟದಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ. ಸಿವಿಕ್ ಅನ್ನುವ ಇನ್ನೊಂದು ಸಂಸ್ಥೆ ಬಹಳ ಹಿಂದಿನಿಂದ ವಾರ್ಡ್ ಸಮಿತಿಗಳಿಗಾಗಿ ಹೋರಾಡಿದೆ. ಇಲ್ಲಿ ಇಂಗ್ಲಿಷ್, ಡೇಟಾ, ಬರವಣಿಗೆ ಬಲ್ಲವರಿಗೆ ಬೇಗ ಕೆಲಸ ಸಿಗುತ್ತದೆ. ಒಂದು ಕಷ್ಟ ಗೊತ್ತಿರಲಿ: ಆಗಿನ ನಗರಪಾಲಿಕೆ ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಜನ ಕೇಳಿದರೂ ಉತ್ತರ ಕೊಡಬೇಕಾದ ಕುರ್ಚಿ ಖಾಲಿ ಇರುವಾಗ ನಾಗರಿಕ ಕೆಲಸ ಎಷ್ಟು ಕಷ್ಟ ಅಂತ ಅಲ್ಲಿಯ ಗೆಳತಿಯರು ಹೇಳುತ್ತಿರುತ್ತಾರೆ. ಹಳ್ಳಿಯಲ್ಲಿ ಕೊನೇ ಪಕ್ಷ ಸದಸ್ಯರ ಮನೆ ಎಲ್ಲಿದೆ ಅಂತ ಗೊತ್ತಿರುತ್ತದೆ.

ಕಡತದ ಮುಂದೆ

ಕೆಲವರಿಗೆ ಜನರ ನಡುವೆ ಇರುವುದಕ್ಕಿಂತ ಅಂಕಿ, ಕಾನೂನು, ಬಜೆಟ್ ಓದುವುದು ಇಷ್ಟ. ಅದರಲ್ಲಿ ಕೀಳು ಏನೂ ಇಲ್ಲ. ಎಸ್‌ಡಿಎಂಸಿ ಆದೇಶವನ್ನು ಯಾರೋ ಕೂತು ಬರೆದಿದ್ದಕ್ಕೇ ಆ ತಾಯಿ ಪ್ರಶ್ನೆ ಕೇಳಲು ಆಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ ಶಿಕ್ಷಣ, ರಾಷ್ಟ್ರೀಯ ಕಾನೂನು ಶಾಲೆಯ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಈ ಕಡೆಗೆ ಹೋಗುವ ದಾರಿಗಳು. ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ವ್ಯವಸ್ಥೆ ಮೊದಲನೆಯದರಲ್ಲಿದೆ, ಕೇಳದೇ ಬಿಡಬೇಡಿ. ಸಾಮಾಜಿಕ, ಆರ್ಥಿಕ ಅಧ್ಯಯನ ಮಾಡುವ ನಾಗರಬಾವಿಯ ಐಸೆಕ್, ಬಜೆಟ್ ಅಧ್ಯಯನ ಮಾಡುವ ಸಿಬಿಪಿಎಸ್‌ನಂಥ ಸಂಸ್ಥೆಗಳಲ್ಲಿ ಸಂಶೋಧಕರ ಕೆಲಸ ಇರುತ್ತದೆ. ನನ್ನ ಒಂದೇ ಒತ್ತಾಯ: ಈ ದಾರಿಗೆ ಹೋಗುವ ಮೊದಲು ಎರಡು ವರ್ಷವಾದರೂ ಮೇಲಿನ ಮೂರರಲ್ಲಿ ಒಂದು ಕಡೆ ಇದ್ದು ಬನ್ನಿ.

ಮನೆಯ ಲೆಕ್ಕ

ಮನೆಗೆ ಮೊದಲ ಸಂಬಳ ತರುವವರು ನೀವೇ ಆಗಿದ್ದರೆ, ಸಾಲ ತೀರಿಸಬೇಕಾಗಿದ್ದರೆ, ಮೊದಲು ಖಾಯಂ ಕೆಲಸದ ಕಡೆಗೇ ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಪರೀಕ್ಷೆಗೆ ಓದುತ್ತಾ, ಜೊತೆಗೆ ಸಂಬಳ ಬರುವ ಸಂಸ್ಥೆಯಲ್ಲಿ ಎರಡು ವರ್ಷ ದುಡಿದವರು ಬೇಕಾದಷ್ಟು ಜನ ಇದ್ದಾರೆ. ವಯಸ್ಸಿನ ಮಿತಿ ಮಾತ್ರ ಕಣ್ಣಲ್ಲಿರಲಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಸೇರುವ ಮೊದಲು ಕೊನೆಯ ಬಸ್ಸು ಎಷ್ಟು ಗಂಟೆಗೆ, ತಾಲ್ಲೂಕಿನಲ್ಲಿ ಒಂಟಿ ಹುಡುಗಿಗೆ ರೂಮ್ ಕೊಡುತ್ತಾರಾ, ಜೊತೆಗೆ ಇನ್ಯಾರು ಕೆಲಸ ಮಾಡುತ್ತಾರೆ ಅಂತ ವಿಚಾರಿಸಿ. ಸ್ಕೂಟರ್ ಓಡಿಸಲು ಬರದಿದ್ದರೆ ಕಲಿತುಬಿಡಿ. ನನ್ನ ಕೆಲಸ ಉಳಿಸಿದ್ದು ಎಂ.ಎ ಅಲ್ಲ, ಸ್ಕೂಟರ್.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ನಡಾವಳಿ ಪುಸ್ತಕ ಓದಿ ಅರ್ಥ ಮಾಡಿಕೊಳ್ಳಲು, ತಾಂಡಾದ ಅಜ್ಜಿಯ ಹತ್ತಿರ ಮಾತಾಡಲು, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಗಟ್ಟಿ ಅರ್ಜಿ ಬರೆಯಲು ಬೇಕಾಗಿರುವುದು ನಿಮ್ಮ ಕನ್ನಡವೇ. ಇಂಗ್ಲಿಷ್ ವರದಿ ಬರೆಯುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಈ ಕನ್ನಡವನ್ನು ಹೊರಗಿನಿಂದ ಬಂದವರು ಆರು ವರ್ಷ ಆದರೂ ಕಲಿಯುವುದು ಕಷ್ಟ.

ಸೇರುವ ಮೊದಲು

ಎರಡು ವಾರ ಖರ್ಚು ಮಾಡಿ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗೆ ಸ್ವಯಂಸೇವಕರನ್ನು ತೆಗೆದುಕೊಂಡಾಗ ಹೋಗಿ. ಮನೆ ಮನೆಗೆ ಹೋಗಿ ಮಗುವಿನ ಕೈಗೆ ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ ಕೊಟ್ಟು ಓದಿಸಿ ನೋಡಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 4, 5, 6ನೇ ತರಗತಿ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆಯುವಾಗ ಕೈಜೋಡಿಸಿ. ಹಳೆಯ ಶಾಲೆಯ ಹೆಡ್ ಮೇಷ್ಟ್ರನ್ನು ಕೇಳಿ ಒಂದು ವಾರ ತರಗತಿಯ ಹಿಂದೆ ಕೂರಿ. ಒಂದು ಎಸ್‌ಡಿಎಂಸಿ ಸಭೆ, ಒಂದು ಗ್ರಾಮಸಭೆ ನೋಡಿ. ಎಲ್ಲಿ ಕೂತಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ ಗಮನಿಸಿ.

ಅಕ್ಕನ ಮಗಳಿಗೆ ಇದನ್ನೇ ಮಾಡಿಸಿದೆ. ಏಪ್ರಿಲ್ ರಜೆ ಶುರುವಾಗುವ ಮೊದಲು ಗೆಳತಿಯೊಬ್ಬಳ ಜೊತೆ ಹತ್ತು ದಿನ ಶಾಲೆಗಳಿಗೆ ಕಳಿಸಿದೆ. ವಾಪಸ್ ಬಂದಾಗ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಟೀಚರ್ ಏನು ಮಾಡಿದರು ಅನ್ನುವುದು ಎರಡು ಸಾಲು. ಉಳಿದ ಪುಟ ಪೂರ್ತಿ ಮಕ್ಕಳು. ಯಾರು ಹಿಂದೆ ಕೂತಿದ್ದರು, ಯಾರು ಸ್ಲೇಟು ಮುಚ್ಚಿಕೊಂಡರು, ಯಾರಿಗೆ ಒತ್ತಕ್ಷರ ತೊಡಕಾಯಿತು. ನಾನು ಏನೂ ಹೇಳಬೇಕಾಗಲಿಲ್ಲ. ಫೆಲೋಶಿಪ್‌ನಲ್ಲಿ ಅವಳಿಗೆ ಸಿಗುತ್ತಿದ್ದದ್ದು ಹೆಡ್ ಮೇಷ್ಟ್ರ ಜೊತೆಯ ಕೆಲಸ. ಅದನ್ನು ಬಿಟ್ಟಳು. ಜೂನ್‌ನಲ್ಲಿ ಚಳ್ಳಕೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಎರಡು ವರ್ಷದ ಗಡುವು ಹಾಕಿಕೊಂಡಿದ್ದಾಳೆ. ರಾತ್ರಿ ಟಿಇಟಿಗೆ ಓದುತ್ತಾಳೆ.

ಮೊನ್ನೆ ಸಂಜೆ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಶೇಂಗಾ ಕೀಳೋದು ಶುರುವಾಗಿದೆ. ಆರನೇ ಕ್ಲಾಸಲ್ಲಿ ಇವತ್ತು ಹನ್ನೊಂದೇ ಮಕ್ಕಳು" ಅಂದಳು. ಮತ್ತೆ ಏನು ಮಾಡ್ತೀಯಾ ಅಂದೆ. "ನಾಳೆ ಬೆಳಗ್ಗೆ ಆರಕ್ಕೇ ಹೊಲದ ಕಡೆ ಹೋಗ್ತೀನಿ, ಅವರಮ್ಮಂದಿರು ಅಲ್ಲೇ ಸಿಗ್ತಾರೆ. ನಮ್ಮ ಎಸ್‌ಡಿಎಂಸಿ ಅಧ್ಯಕ್ಷರನ್ನೂ ಜೊತೇಲಿ ಬನ್ನಿ ಅಂತ ಕರೆದಿದೀನಿ."